ಕರೆಂಟಿನ ಕೆಲಸದ ಹುಡುಗ

ಹುಡುಗ ಏನು ಕೆಲಸದಲ್ಲಿದ್ದಾನೆ ಎಂದು ಕೇಳಿದಾಗ ಸರೋಜಮ್ಮ ಚುಟುಕಾಗಿ, "ಕರೆಂಟಿಂದು" ಎಂದುಬಿಟ್ಟರು. ಅವರ ಮಗ ಪರಮೇಶನ ಗ್ರಹಚಾರ ಕೆಟ್ಟಿದ್ದು ಅಲ್ಲಿಂದಲೇ.

ತಾಯಿ ಮಗ ಮಧುಗಿರಿಯಿಂದ ವೈ.ಎನ್.ಹೊಸಕೋಟೆಗೆ ಹೆಣ್ಣು ನೋಡಲು ಬಂದಿದ್ದರು. ಹುಡುಗಿ ಗಗನಾಳ ತಂದೆ ನಂದೀಶ್ವರಯ್ಯನವರ ಕಡಲೆಕಾಯಿ ಎಣ್ಣೆ ಮಿಲ್ಲು ಮನೆಯ ಮಗ್ಗುಲಲ್ಲೇ ಗಡಗಡ ಓಡುತ್ತಿತ್ತು. ಕರೆಂಟು ಎಂದೊಡನೆ ಅವರ ಕಿವಿ ನೆಟ್ಟಗಾಯಿತು.

ಪರಮೇಶ ತಿದ್ದಲು ಹೋದ. "ಸೂರ್ಯನೊಳಗೆ ಪರಮಾಣುಗಳು ಬೆಸೆದುಕೊಂಡು ಶಾಖ ಹುಟ್ಟುತ್ತಲ್ಲ, ಅದನ್ನೇ ಭೂಮಿ ಮೇಲೆ ಮಾಡೋ ರಿಯಾಕ್ಟರು. ಅದಕ್ಕೆ ಕರೆಂಟು ಕೊಡೋ ಸಲಕರಣೆ ಕೈಕೊಡಬಾರದು. ಯಾವ ಭಾಗ ಯಾವಾಗ ಕೆಡುತ್ತೆ, ರಿಪೇರಿಗೆ ಎಷ್ಟು ಹೊತ್ತು ಬೇಕು ಅಂತ ನಾನು ಲೆಕ್ಕ ಹಾಕ್ತೀನಿ."

ಕರೆಯದೇ ಬಂದು ಕೂತಿದ್ದ ಪಕ್ಕದ ಮನೆ ಮಂಜಮ್ಮ, "ನಮ್ಮ ಬಲಸಮುದ್ರದ ಕಡೆ ಸೂರ್ಯನಿಂದ ಕರೆಂಟ್ ಮಾಡ್ತಾವ್ರೆ. ನೀವು ಕರೆಂಟಿಂದ ಸೂರ್ಯನ್ನ ಮಾಡಕ್ಕೆ ಹೊಂಟಿದೀರ. ಉಲ್ಟಾ ಆಯ್ತಲ್ಲಪ್ಪ" ಎಂದಳು.

"ನೀನು ಸುಮ್ಕಿರಮ್ಮ," ಎಂದರು ನಂದೀಶ್ವರಯ್ಯ. "ಅಂದ್ರೆ ಕರೆಂಟ್ ಯಾವಾಗ ಹೋಗ್ತದೆ ಅಂತ ಮೊದ್ಲೇ ಹೇಳೋ ಕೆಲ್ಸ. ಇವತ್ತು ನಮ್ಮೂರಾಗೆ ಯಾವಾಗ?"

ಗಗನಾ ಕೇಸರಿಬಾತಿನ ತಟ್ಟೆ ಹಿಡಿದು ಬರುತ್ತಿದ್ದಳು. ಈ ಮಾತು ಮುಗಿದರೆ ಸಾಕೆಂದು ಪರಮೇಶ, "ಇನ್ನೇನು ಹೋಗುತ್ತೆ" ಎಂದ.

ಹೋಯಿತು. ಮಿಲ್ಲು ಮುದಿ ಕೋಣದಂತೆ ನಿಟ್ಟುಸಿರು ಬಿಟ್ಟು ನಿಂತಿತು.

ಹುಡುಗ ಹೇಳಿದ ಹಾಗೇ ಹೋಯಿತೆಂದು ಮಂಜಮ್ಮ ಬಾಗಿಲಲ್ಲಿ ನಿಂತು ಕೂಗಿದಳು. ನೋಡನೋಡುತ್ತಲೇ ಅರ್ಧ ಬೀದಿ ಅಂಗಳಕ್ಕೆ ಬಂತು. ಯಾವಾಗ ಬರುತ್ತದೆ ಎಂದು ಎಲ್ಲರೂ ಪರಮೇಶನನ್ನೇ ಕೇಳುವವರು.

"ಅದು ಸಂಭವನೀಯತೆ. ಖಚಿತವಾಗಿ ಹೇಳೋಕಾಗಲ್ಲ," ಎಂದ.

"ತೆಗೆಯಾದು ಗೊತ್ತು, ಕೊಡಾದು ಗೊತ್ತಿಲ್ವಾ?" ಎಂದಳು ಮಂಜಮ್ಮ.

"ನಮ್ಮ ಹುಡುಗ ಬೇಕೂಂತ ತೆಗೆದಿಲ್ಲ," ಎಂದು ಸರೋಜಮ್ಮ ಮಗನ ಪರ ವಹಿಸಿ ಇನ್ನಷ್ಟು ಕೆಡಿಸಿದರು. ಕೇಸರಿಬಾತು ಬಂದ ದಾರಿಯಲ್ಲೇ ಒಳಗೆ ಹೋಯಿತು.

ಯಾರೋ ಫೋನ್ ಮಾಡಿ ಕರೆಂಟ್ ಆಫೀಸಿನ ಇಂಜಿನಿಯರ್ ಭೀಮರಾಜುವನ್ನು ಕರೆಸಿದರು. ತನ್ನ ಭಾಷೆ ಅರ್ಥವಾಗುವವರೊಬ್ಬರು ಬಂದರಲ್ಲ ಎಂದು ಪರಮೇಶನಿಗೆ ಹೋದ ಜೀವ ಬಂತು.

ಭೀಮರಾಜು ಎಲ್ಲರ ದೂರು ಕೇಳಿ, "ಲೈನ್ ಮೇಲೆ ಕೊಂಬೆ ಬಿದ್ದೈತೆ. ಇವರದ್ದೇನೂ ತಪ್ಪಿಲ್ಲ" ಎಂದರು. ಆಮೇಲೆ ಪರಮೇಶನ ಕೈ ಕುಲುಕಿ, "ನಿಮ್ಮಂಥೋರು ನಮಗೆ ಬೇಕಿತ್ತು ಸಾರ್. ಒಂಚೂರು ನಿಮ್ಮ ನಂಬರ್ ಕೊಡಿ" ಎಂದರು. ಪರಮೇಶ ಎದೆಯುಬ್ಬಿಸಿ ಕೊಟ್ಟ. ಸ್ವಲ್ಪ ಹೊತ್ತಿಗೆ ಕರೆಂಟೂ ಬಂತು. ನಂದೀಶ್ವರಯ್ಯ ಮಾತ್ರ, "ತಿಳಿಸ್ತೀವಿ" ಎಂದಷ್ಟೇ ಹೇಳಿ ಕೈಮುಗಿದರು.

ಬಸ್ಸು ಪಾವಗಡ ದಾಟುವಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ನಾನು ಗಗನಾ. ಅಪ್ಪ ನಿಮ್ಮನ್ನ ಒಂದು ಮಾತು ಕೇಳು ಅಂದ್ರು."

ಪರಮೇಶನ ಎದೆ ಮಿಲ್ಲಿಗಿಂತ ಜೋರಾಗಿ ಬಡಿದುಕೊಂಡಿತು. "ಕೇಳಿ, ಕೇಳಿ."

"ಕರೆಂಟ್ ಮತ್ತೆ ಹೋಗಿದೆ. ಯಾವಾಗ ಬರುತ್ತೆ?"

"ನನ್ನ ನಂಬರ್ ಎಲ್ಲಿ ಸಿಕ್ತು?"

"ಊರಿನ ವಾಟ್ಸಾಪ್ ಗ್ರೂಪಲ್ಲಿ ಭೀಮರಾಜು ಸಾರ್ ಹಾಕಿದಾರೆ. ಇನ್ಮೇಲೆ ಕರೆಂಟ್ ಹೋದ್ರೆ ನನಗೆ ಮಾಡ್ಬೇಡಿ, ಇವರಿಗೆ ಮಾಡಿ ಅಂತ."