ರನ್‌ಅಪ್ಪಿಗೆ ಅಡ್ಡ ಬಂದವರು

ಬೇರೆ ಫಾಸ್ಟ್ ಬೌಲರುಗಳು ಓಡಿ ಬಂದರೆ ವಿಕೆಟ್ ಬೀಳುತ್ತದೆ, ಇಲ್ಲವೇ ಬೌಂಡರಿ ಹೋಗುತ್ತದೆ. ನಾನು ಓಡಿ ಬಂದರೆ ಮೊದಲು ಏನಾದರೊಂದು ಗೊಂದಲ ಏಳುತ್ತದೆ. ಈಗ ವಲಯದ ತಂಡಕ್ಕೆ ಆಡುತ್ತೇನೆ, ಪೇಪರಿನಲ್ಲಿ ಒಮ್ಮೊಮ್ಮೆ ಹೆಸರೂ ಬರುತ್ತದೆ, ಅದೂ ತಪ್ಪಾಗಿ. ಶುರುವಿನ ದಿನಗಳಿಂದಲೂ ಹೀಗೇ.

ಕರಡಿ

ನಮ್ಮಪ್ಪ ದಾಂಡೇಲಿಯಲ್ಲಿ ಕಾಗದದ ಮಿಲ್ಲಿನ ಕೆಲಸಗಾರ. ನಮ್ಮ ಓಣಿಯ ಹಿಂದಿನ ಮೈದಾನ ಸಣ್ಣದು, ನನ್ನ ರನ್‌ಅಪ್ ದೊಡ್ಡದು. ಹಾಗಾಗಿ ಮೈದಾನದ ಗೇಟಿನ ಆಚೆ, ರಸ್ತೆಯ ಮೇಲಿಂದಲೇ ಓಟ ಶುರು ಮಾಡುತ್ತಿದ್ದೆ.

ಒಂದು ಚಳಿಗಾಲದ ಮುಂಜಾನೆ. ಮಂಜು ಕವಿದಿತ್ತು. ಕರಿ ಸ್ವೆಟರು, ಕರಿ ಮಂಕಿ ಟೋಪಿ ಹಾಕಿಕೊಂಡು ಧಡಧಡ ಓಡತೊಡಗಿದೆ. ಮುಂದೆ ವಾಕಿಂಗ್ ಹೊರಟಿದ್ದ ನಿವೃತ್ತ ಮಾಸ್ತರರು ಸಪ್ಪಳ ಕೇಳಿ ಹೊರಳಿ ನೋಡಿದವರೇ ಧೋತರ ಎತ್ತಿ ಹಿಡಿದು ಓಟ ಕಿತ್ತರು. ಅವರನ್ನು ನೋಡಿ ಹಾಲಿನವನು ಸೈಕಲ್ ಬಿಟ್ಟು ಓಡಿದ. ಗ್ಯಾರೇಜಿನ ಚಾಚಾ "ಕ್ಯಾ ಹುವಾ? ಕ್ಯಾ ಹುವಾ?" ಅನ್ನುತ್ತ, ಉತ್ತರಕ್ಕೂ ಕಾಯದೆ ಓಡಿದರು.

ಇಷ್ಟು ಮಂದಿ ಓಡುವುದನ್ನು ಕಂಡು ನನಗೂ ಹೆದರಿಕೆಯಾಯಿತು. ನನ್ನ ಹಿಂದೆ ಏನೋ ಬರುತ್ತಿದೆ ಅಂದುಕೊಂಡು ಗೇಟು ಬಿಟ್ಟು ಅವರ ಬೆನ್ನಿಗೇ ಓಡಿದೆ. ನಾನು ಹತ್ತಿರ ಬಂದಷ್ಟೂ ಅವರು ಇನ್ನೂ ಜೋರಾದರು.

ಕೊನೆಗೆ ಚಹಾದಂಗಡಿಯ ಮುಂದೆ ಎಲ್ಲರೂ ಕುಸಿದು ಕೂತೆವು. ಸೆಕೆ ತಾಳದೆ ನಾನು ಸ್ವೆಟರು, ಟೋಪಿ ಕಿತ್ತು ಪಕ್ಕಕ್ಕಿಟ್ಟೆ. ಅಷ್ಟರಲ್ಲಿ ಅರಣ್ಯದ ಗಾರ್ಡ್ ಬಂದ.

"ಕರಡಿ ರೀ!" ಅಂದರು ಮಾಸ್ತರರು. "ಕಣ್ಣಾರೆ ನೋಡೀನಿ. ಮೈತುಂಬ ಕರ್ರಗ, ಹಲ್ಲು ಕಿಸಕೊಂಡು ಬುಸುಬುಸು ಅಂತ ಬರ್ತಿತ್ತು."

ಗಾರ್ಡ್ ನನ್ನ ಕಡೆ ತಿರುಗಿದ. "ನೀ ಎಲ್ಲಾರಕಿಂತ ಹಿಂದಿದ್ದಿ. ನೀ ನೋಡಿದೇನು?"

"ಇಲ್ರಿ. ನನಗ ಏನೂ ಕಾಣ್ಲಿಲ್ಲ."

ಮಾಸ್ತರರು ನನ್ನ ಬೆನ್ನು ಸವರಿದರು. "ಪುಣ್ಯಾವಂತ ಅದಿ ತಮ್ಮಾ. ನೀ ಇದ್ದ ಜಾಗಾದಾಗ ಇತ್ತು ಅದು!"

ನಾಕಾ

ಜೊಯಿಡಾದ ತಂಡವೊಂದಕ್ಕೆ ಬೌಲರ್ ಕಮ್ಮಿ ಬಿದ್ದಿದ್ದಾನೆ ಎಂದು ನನ್ನನ್ನು ಕರೆಸಿದರು. ಅಲ್ಲಿಯ ಕ್ಯಾಪ್ಟನ್ ಮಾತಾಡುವುದೆಲ್ಲ ಕೊಂಕಣಿ. ನನಗೆ ಕೊಂಕಣಿ ಬಾರದು. ನನ್ನ ಓವರ್ ಮುಗಿದ ಮೇಲೆ ಬೌಂಡರಿಯ ಸುಣ್ಣದ ಗೆರೆಯ ಹತ್ತಿರ ನಿಲ್ಲಿಸಿದ. ಚೆಂಡು ನನ್ನ ಕಡೆ ಬಂತು. ಓಡಿ, ಬಿದ್ದು, ಹಿಡಿದೆ. ಎಸೆಯಲು ಕೈ ಎತ್ತಿದೆ. ಓಡುತ್ತಿದ್ದ ಬ್ಯಾಟ್ಸ್‌ಮನ್‌ಗಳು ಆಗಲೇ ನಿಂತಿದ್ದರು.

ಕ್ಯಾಪ್ಟನ್ ಎರಡೂ ಕೈ ಬೀಸಿ ಕೂಗಿದ: "ನಾಕಾ! ನಾಕಾ!"

ಕೊಂಕಣಿಯಲ್ಲಿ ಹಾಗೆಂದರೆ ಬೇಡ ಅಂತ ಆಮೇಲೆ ತಿಳಿಯಿತು. ಎಸೆಯಬೇಡ ಅನ್ನುತ್ತಿದ್ದ. ನಮ್ಮ ಕಡೆ ನಾಲ್ಕಕ್ಕೆ ನಾಕ ಅನ್ನುತ್ತೇವೆ. ನನ್ನ ಕಾಲು ಸುಣ್ಣದ ಗೆರೆಗೆ ತಾಗಿದೆ, ಬೌಂಡರಿ ಆಗಿಹೋಗಿದೆ ಅಂದುಕೊಂಡೆ. ಸುಳ್ಳಾಡುವುದು ಬೇಡವೆಂದು ಚೆಂಡನ್ನು ಗೆರೆಯ ಆಚೆ ಮೆಲ್ಲಗೆ ಉರುಳಿಸಿದೆ.

ಕ್ಯಾಪ್ಟನ್ ತಲೆ ಮೇಲೆ ಕೈಹೊತ್ತು ಅಲ್ಲೇ ಕೂತುಬಿಟ್ಟ. "ನಾಕಾ... ನಾಕಾ..."

ಹಳಿಯಾಳದಿಂದ ಬಂದಿದ್ದ ಅಂಪೈರಿಗೆ ಸಿಟ್ಟು ಬಂತು. "ಎಷ್ಟ ಸಲ ಒದರ್ತೀರಿ? ನಾಕ ಕೊಟ್ಟೇನಲ್ಲ!"

ರಕ್ತ ಪರೀಕ್ಷೆ

ಆಯ್ಕೆಯ ಪಂದ್ಯಕ್ಕೆ ಮೊದಲು ಆರೋಗ್ಯ ತಪಾಸಣೆ ಆಗಬೇಕೆಂದರು. ಹಳಿಯಾಳದ ಒಂದು ಲ್ಯಾಬಿಗೆ ಹೋದೆ. ಸೂಜಿ ಹಿಡಿದಿದ್ದ ಅಕ್ಕಾರು ತಲೆ ಎತ್ತದೆ ಕೇಳಿದರು: "ಫಾಸ್ಟ್ ಏನು?"

ನನ್ನ ಹೆಸರು ಇಲ್ಲಿಯ ತನಕ ಹಬ್ಬಿದೆಯಲ್ಲ ಅಂತ ಎದೆ ಉಬ್ಬಿತು. "ಮೊದಲ ಫಾಸ್ಟ್ ಇದ್ದೆ ರೀ. ಮೊಣಕಾಲು ನೋವು ಬಂದ ಮ್ಯಾಲೆ ಮೀಡಿಯಂ ಫಾಸ್ಟ್."

ಅವರು ಸೂಜಿ ಕೆಳಗಿಟ್ಟರು. "ಮೀಡಿಯಂ ಅಂದ್ರ? ಬರೇ ಚಟ್ನಿ ತಿಂದು ಇಡ್ಲಿ ಬಿಟ್ಟೀಯೇನು?"

ಅವ್ವನ ಬಾಲು

ಆ ಆಯ್ಕೆಯ ಪಂದ್ಯ ನಡೆದದ್ದು ಮುಂಡಗೋಡದಲ್ಲಿ. ಆಯ್ಕೆಗಾರ ಸಾಹೇಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಇವತ್ತು ಕೈತಪ್ಪಿದರೆ ವಯಸ್ಸು ಮೀರುತ್ತದೆ, ಅಪ್ಪನ ಹಿಂದೆ ಮಿಲ್ಲಿನ ಗೇಟಿಗೆ ಹೋಗುವುದೇ ಗತಿ ಎಂದು ನನಗೆ ಗೊತ್ತಿತ್ತು. ಅಲ್ಲೇ ಇದ್ದ ತನ್ನ ತಂಗಿಯ ಮನೆಗೆ ಬಂದಿದ್ದ ನಮ್ಮವ್ವನೂ ನನ್ನ ಆಟ ನೋಡಲು ಬಂದಳು. ಅವಳು ಅಲ್ಲಿಯ ತನಕ ಒಂದು ಪಂದ್ಯವನ್ನೂ ನೋಡಿದವಳಲ್ಲ.

"ಜೋರ ಹಾಕು, ಏನೂ ವಿಚಾರ ಮಾಡಬ್ಯಾಡ" ಅಂದಿದ್ದರು ನಮ್ಮ ಕೋಚ್. ಜೋರಾಗಿಯೇ ಹಾಕಿದೆ. ಚೆಂಡು ಪುಟಿದು ಬ್ಯಾಟ್ಸ್‌ಮನ್ನನ ಪಕ್ಕೆಲುಬಿಗೆ ಬಡಿಯಿತು. ಅವನು ಅಯ್ಯೋ ಅನ್ನುತ್ತ ಕೂತ.

ಎಲ್ಲರೂ ಅವನ ಕಡೆ ಓಡುವಷ್ಟರಲ್ಲಿ ನಮ್ಮವ್ವ ಸೆರಗು ಸಿಕ್ಕಿಸಿಕೊಂಡು ಪಿಚ್ಚಿನ ನಡುವೆ ಬಂದು ನಿಂತಿದ್ದಳು. "ಏನೋ, ಎದುರಿಗೆ ಮನಶ್ಯಾ ನಿಂತಾನ ಅನ್ನೂದು ಕಾಣ್ಸೂದಿಲ್ಲೇನು ನಿನಗ? ಸಾವಕಾಶ ಹಾಕು!" ಆಮೇಲೆ ಅಂಪೈರಿಗೆ: "ನೀವರೆ ಹೇಳಬಾರದೇನ್ರಿ? ದೊಡ್ಡವರಾಗಿ ನೋಡಕೋತ ನಿಂತೀರಿ!"

ಅಂಪೈರು ಗಾಬರಿಯಾಗಿ, "ಹೇಳ್ತೇನ್ರಿ ಅವ್ವಾರ" ಅಂದುಬಿಟ್ಟರು.

ಹುಡುಗ ಎದ್ದು ನಿಂತ. ನಾನು ಮತ್ತೆ ಓಡಿ ಬಂದೆ. ಆಚೆಯಿಂದ ಕೋಚ್ "ಜೋರ!" ಅಂದರು, ಈಚೆಯಿಂದ ಅವ್ವ "ಸಾವಕಾಶ!" ಅಂದಳು. ಯಾರ ಮಾತು ಕೇಳಬೇಕೋ ತಿಳಿಯದೆ ಕಾಲು ಕೋಚ್ ಹೇಳಿದಂತೆ ಓಡಿದವು, ಕೈ ಅವ್ವ ಹೇಳಿದಂತೆ ಹಾಕಿತು. ಬ್ಯಾಟ್ಸ್‌ಮನ್ ಜೋರಾಗಿ ಬೀಸಿ ಮುಗಿಸಿದ. ಚೆಂಡು ಆಮೇಲೆ ಆರಾಮಾಗಿ ಬಂದು ಸ್ಟಂಪು ಕೆಡವಿತು.

"ಪೆಟ್ಟು ತಿಂದ ಕೂಸಿನ್ನ ಔಟ್ ಬ್ಯಾರೆ ಮಾಡಿದಿ!" ಅಂದಳು ಅವ್ವ.

ಪಂದ್ಯ ಮುಗಿದ ಮೇಲೆ ಸಾಹೇಬರು ಎದ್ದು ಬಂದು, "ಇವನ್ನ ತಗೊಂಡೇವಿ" ಅಂದರು. ನಾನು ಅವರ ಕಾಲು ಮುಟ್ಟಲು ಬಾಗಿದೆ. ಅವ್ವ ಮಾತ್ರ ಕೈಮುಗಿದಳು.

"ಬ್ಯಾಡ್ರಿ ಸಾಹೇಬ್ರ. ಇವ ಮಂದೀ ಮಕ್ಕಳಿಗೆ ಹೊಡೀತಾನ."

"ಅದಕ್ಕ ತಗೊಂಡೇವ್ರಿ ಅವ್ವಾರ. ಹಿಂಗ ಹೊಡಿಯಾವ್ರು ನಮಗ ಸಿಕ್ಕೇ ಇಲ್ಲ."

ಅವ್ವ ಕಣ್ಣು ಕಣ್ಣು ಬಿಟ್ಟಳು. "ಏನ್ ಮಾತಂತ ಆಡ್ತೀರಿ! ನಿಮಗೂ ಮಕ್ಕಳು ಅದಾವಿಲ್ಲೋ?"

ಮರದ ಕೆಳಗೆ ಪಕ್ಕೆಗೆ ಐಸು ಒತ್ತಿಕೊಂಡು ಕೂತಿದ್ದ ಬ್ಯಾಟ್ಸ್‌ಮನ್ನನ ಕಡೆ ಸಾಹೇಬರು ಕೈ ತೋರಿಸಿದರು.

"ಒಬ್ಬ ಅದಾನ್ರಿ. ಅಲ್ಲಿ ಕುಂತಾನ ನೋಡ್ರಿ."