ಮುಖ ತೋರಿಸದ ಕಾಲು

ನಾನು ಎಲ್ಲಿ ಕಾಲಿಟ್ಟರೂ ಅಲ್ಲೊಂದು ಎಡವಟ್ಟು ನನಗಿಂತ ಮೊದಲೇ ಬಂದು ಕೂತಿರುತ್ತೆ. ಸ್ಕೂಲು ಬಿಟ್ಟಮೇಲೆ ಲಗೇಜ್ ಆಟೋ ಓಡಿಸಿದೆ, ಶಾಮಿಯಾನ ಕಟ್ಟಿದೆ, ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿದೆ. ಕೊನೆಗೆ ಸಿನಿಮಾದಲ್ಲೂ ಕಾಲಿಟ್ಟೆ. ಕಾಲು ಮಾತ್ರ.

ಹಿಮ್ಮಡಿ

ಶೆಟ್ಟಿಹಳ್ಳಿಯ ಗೆಳೆಯನೊಬ್ಬ ಥ್ರಿಲ್ಲರ್ ತೆಗೀತೀನಿ ಅಂತ ಹೊರಟ. ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಅವನ ಸೋದರಮಾವ ಬಂಡವಾಳ ಹಾಕಬೇಕು. ಮಾವನದು ಒಂದೇ ಷರತ್ತು. ‘ಮೊದಲ ಸೀನ್ ತೆಗೆದು ತೋರಿಸು, ಮಧ್ಯದಲ್ಲಿ ನಾನು ಎದ್ದು ಹೋದರೆ ಸಿನಿಮಾ ಬಿಟ್ಟು ನಾಳೆಯಿಂದ ನನ್ನ ಕೊಬ್ಬರಿ ಮಂಡಿಯಲ್ಲಿ ಬಂದು ಕೂತ್ಕೋ.’

ಶುರುವಿನಲ್ಲಿ ಏನನ್ನೂ ಹೇಳಬಾರದು ಅನ್ನೋದು ಗೆಳೆಯನ ಸಿದ್ಧಾಂತ. ಒಂದು ಜೊತೆ ಕಾಲು, ಒಂದು ಮೂಟೆ, ಒಂದು ಮುಚ್ಚಿದ ಬಾಗಿಲು. ಯಾರು, ಏನು ಅಂತ ಒದ್ದಾಡುತ್ತಾ ಜನ ಕುರ್ಚಿ ಬಿಟ್ಟು ಏಳಲ್ಲವಂತೆ. ಕಾಲಿಗೆ ನನ್ನನ್ನೇ ಆರಿಸಿದ. ‘ನಿನ್ನ ಒಡೆದ ಹಿಮ್ಮಡಿ ನೋಡಿದ್ರೇನೇ ಭಯ ಆಗುತ್ತೆ ಕಣೋ’ ಅಂದ.

ನನ್ನ ಹವಾಯಿ ಚಪ್ಪಲಿ ಬೇಡವೆಂದು, ಕಿರ್ರ್ ಕಿರ್ರ್ ಅನ್ನುವ ಒಂದು ಜೊತೆ ತೊಗಲಿನ ಚಪ್ಪಲಿ ತಂದುಕೊಟ್ಟ. ಎಲ್ಲಿಂದ ತಂದೆ ಅಂದರೆ, ಥ್ರಿಲ್ಲರ್‌ನಲ್ಲಿ ಎಲ್ಲ ಕೇಳಬಾರದು ಅಂದ.

ಮೂಟೆ

ಸಿ.ಎಸ್. ಪುರದ ಕಡೆ ಒಂದು ತೆಂಗಿನ ತೋಟ. ನಾನು ಮಾತಾಡದೆ ಮೂಟೆ ಎಳೆದುಕೊಂಡು ಹೋಗಬೇಕು, ಒಳಗೆ ಹೆಣ ಇದೆ ಅನ್ನಿಸಬೇಕು. ಎದುರಿಗೆ ಹಸು ಹಿಡಿದುಕೊಂಡು ಒಬ್ಬ ಅಜ್ಜಿ ಬಂತು. ‘ಯಾರ ಮಗನಪ್ಪ ನೀನು?’ ಅಂತು. ನಾನು ಮೂಟೆ ಎಳೆಯುತ್ತಲೇ ಇದ್ದೆ. ಪಾಪ ಕಿವುಡ ಇರಬೇಕು ಅಂತ ಹತ್ತಿರ ಬಂದು ಇನ್ನೂ ಜೋರಾಗಿ ಕೇಳಿತು. ಆಮೇಲೆ ಮೂಟೆ ಬಿಚ್ಚಿ ನೋಡಿತು. ಹುಲ್ಲು.

ಹುಲ್ಲನ್ನು ಯಾರಾದರೂ ನೆಲದ ಮೇಲೆ ಎಳೀತಾರಾ ಅಂತ ಬೈದು, ಪಕ್ಕದ ತೋಟದವರನ್ನು ಕರೆದು ಮೂಟೆಯನ್ನು ನನ್ನ ತಲೆ ಮೇಲೆ ಹೊರಿಸಿತು. ಕ್ಯಾಮೆರಾದೊಳಗೆ ಕಾಲು ಉಳಿಯಿತು, ಹೆಣ ಮೇಲೆ ಹೋಯಿತು.

ಬಾಗಿಲು

ಹುಲಿಯೂರುದುರ್ಗದಲ್ಲಿ ಒಂದು ಹಳೇ ಮನೆ. ನಾನು ಬಾಗಿಲು ತಟ್ಟಬೇಕು, ಯಾರೂ ತೆಗೆಯಬಾರದು. ಮನೆಯಾಕೆ ಒಪ್ಪಿದ್ದರು. ತಟ್ಟಿದೆ, ತೆಗೆದರು. ಮತ್ತೆ ಹೇಳಿಕೊಟ್ಟೆವು. ತಟ್ಟಿದೆ, ಈ ಸಲ ಕಾಫಿ ಲೋಟದ ಸಮೇತ ತೆಗೆದರು. ‘ಬಾಗಿಲಿಗೆ ಬಂದೋರ್ನ ಹೊರಗೇ ನಿಲ್ಸೋದು ಹೆಂಗಪ್ಪ? ಯಾರಾದ್ರೂ ನೋಡಿದ್ರೆ ಏನಂದಾರು?’

ಕೊನೆಗೆ ಅವರನ್ನು ಪಕ್ಕದ ಮನೆಗೆ ಕಳಿಸಿ ತಟ್ಟಿದೆ. ಪಕ್ಕದ ಮನೆಯಿಂದ ಕೂಗು ಬಂತು: ‘ಬಂದೇ, ಇರಿ.’

ಮಾವ

ಹೇಗೋ ಕತ್ತರಿಸಿ ಅಂಟಿಸಿ ಗುಬ್ಬಿಗೆ ಹೋದೆವು. ಮಾವ ಹೆಗಲಿಗೆ ಟವಲ್ ಹಾಕಿಕೊಂಡು, ಏಳೋದಕ್ಕೆ ರೆಡಿಯಾಗಿಯೇ ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಾನು ಕೆಳಗೆ ಚಾಪೆ ಮೇಲೆ ಕೂತೆ.

ಟಿ.ವಿ.ಯಲ್ಲಿ ಕಿರ್ರ್ ಕಿರ್ರ್ ಶುರುವಾಯಿತು. ಮಾವ ಮುಂದಕ್ಕೆ ಬಾಗಿದರು. ಮೂಟೆ ಹೋಯಿತು, ಬಾಗಿಲು ಬಂತು, ಅವರು ಕಣ್ಣು ಮಿಟುಕಿಸಲಿಲ್ಲ. ಗೆಳೆಯ ಖುಷಿಗೆ ನನ್ನ ತೋಳು ಹಿಂಡಿದ. ಪರದೆ ಕಪ್ಪಾಯಿತು.

‘ಮುಂದಕ್ಕೆ ಹಾಕೋ’ ಅಂದರು ಮಾವ.

‘ಇಷ್ಟೇ ಮಾವ. ಅವನ್ಯಾರು ಅಂತ ಪೂರ್ತಿ ಸಿನಿಮಾ ತೆಗೆದ್ರೆ ಗೊತ್ತಾಗೋದು.’

‘ಹಂಗಾದ್ರೆ ಪೂರ್ತಿ ತೆಗಿ. ಎಷ್ಟಾದ್ರೂ ಆಗ್ಲಿ. ನಮ್ಮ ಜಗಲಿ ಮೇಲಿದ್ದ ನನ್ನ ಚಪ್ಪಲಿ ಹೊತ್ಕೊಂಡು ಹೋದೋನ ಮುಖ ನಾನು ನೋಡ್ಲೇಬೇಕು.’

ಗೆಳೆಯ ಗೋಡೆ ನೋಡಿದ. ನಾನು ಮೆತ್ತಗೆ ಹಿಮ್ಮಡಿಗಳನ್ನು ಚಾಪೆ ಕೆಳಗೆ ತುರುಕಿದೆ. ಮಾವ ಚಾಪೆ ನೋಡಿದರು, ಟಿ.ವಿ. ನೋಡಿದರು, ನನ್ನನ್ನು ನೋಡಿದರು.

‘ನೀನು ಯಾರ ಮಗನಪ್ಪ?’