ಮಾವನಿಗೊಂದು ಮರದ ಆನೆ

ಈ ನನ್ನ ಎರಡು ಕೈಗಳಿಂದ ಮರದಲ್ಲಿ ಒಂದು ಆನೆ ಮಾಡಿ ನಮ್ಮ ಮಾವನಿಗೆ ಕೊಟ್ಟೇ ತೀರುತ್ತೇನೆ ಎಂದು ನಾನು ಘೋರ ಪ್ರತಿಜ್ಞೆ ಮಾಡಿದಾಗ ಅದನ್ನು ಕೇಳಿಸಿಕೊಂಡವಳು ಹೆಂಡತಿ ಒಬ್ಬಳೇ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಯಾವ ಕೈಗಳಿಂದ?" ಎಂದಳು.

"ಇದೇ ಕೈಗಳಿಂದ!"

"ಬೇರೆ ಎಲ್ಲಾದ್ರೂ ಸಿಗುತ್ತಾ ನೋಡಿ," ಎಂದು ಟವೆಲ್ ಕೊಡವಿದಳು.

ಅವಳ ಅನುಮಾನಕ್ಕೆ ಕಾರಣವಿದೆ. ನಮ್ಮ ಮಾವ ಬಡಗಿ. ಐವತ್ತು ವರ್ಷ ಮರದ ಜೊತೆ ಬಾಳಿದವರು. ನಾನೋ, ಕಚೇರಿಯಲ್ಲಿ ಕಡತಗಳ ಮೇಲೆ 'ಪರಿಶೀಲಿಸಿ ಮಂಡಿಸಿ' ಎಂದು ಬರೆದು ಬದುಕುವವನು. ಮದುವೆಯಾದ ಹೊಸದರಲ್ಲಿ ಅವರು ಒಂದು ಬಾಗಿಲು ಕೂರಿಸುತ್ತಾ, ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, "ಸ್ವಲ್ಪ ಬಿಗಿ ಮಾಡಿ ಅಳಿಯಂದ್ರೇ" ಎಂದಿದ್ದರು. ನಾನು ಶ್ರದ್ಧೆಯಿಂದ, ಬೆವರು ಸುರಿಸಿ, ಇದ್ದಬದ್ದ ಸ್ಕ್ರೂಗಳನ್ನೆಲ್ಲ ಬಿಚ್ಚಿದೆ. ಬಾಗಿಲು ಸೀದಾ ನನ್ನ ಹೆಗಲಿಗೆ ಬಂತು! ಮಾವ ಅದನ್ನು ಎತ್ತಿ ಗೋಡೆಗೆ ಒರಗಿಸಿ, "ಬಿಡಿ ಪರವಾಗಿಲ್ಲ. ನಿಮ್ಮ ಕೈ ಊಟಕ್ಕೆ ಮಾತ್ರ ಬರೋದು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಳ್ಳೇಕೆ ಹೇಳಲಿ, ಒಳಗೆ ನೋವಾಗಿತ್ತು. ಹನ್ನೊಂದು ವರ್ಷವಾದರೂ ಅವರೆದುರು ಊಟಕ್ಕೆ ಕೂತಾಗಲೆಲ್ಲ ಆ ಮಾತು ನೆನಪಾಗುತ್ತಿತ್ತು.

ಈಗ ಅವರಿಗೆ ಎಪ್ಪತ್ತೈದು ತುಂಬುವುದರಲ್ಲಿತ್ತು. ಊಟ ನಮ್ಮ ಮನೆಯಲ್ಲೇ ಎಂದು ತೀರ್ಮಾನವಾಯಿತು. ಅವರು ಫೋನಿನಲ್ಲಿ ಕೇಳಿದ್ದು ಒಂದೇ: "ಉಡುಗೊರೆ ಗಿಡುಗೊರೆ ಏನೂ ಬೇಡ. ನಾನು ಮಾಡಿಕೊಟ್ಟ ಮೇಜಿಗೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು. ಅಷ್ಟೇ ನನ್ನ ಆಸೆ." ನಮ್ಮ ಊಟದ ಮೇಜು ಮಗಳ ಮದುವೆಗೆಂದು ಅವರೇ ಕೈಯಾರೆ ಮಾಡಿಕೊಟ್ಟದ್ದು. ಆದರೆ ಬೇಡ ಎಂದವರಿಗೂ ಕೊಡುವುದೇ ತಾನೇ ನಿಜವಾದ ಉಡುಗೊರೆ! ನನ್ನ ಕೈಯ ಮಾನ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಇನ್ನೆಲ್ಲಿ ಸಿಗಬೇಕು?

ಹೀಗೆ ಸ್ಕ್ರಾಲ್ ಸಾ ಎಂಬ ಯಂತ್ರ ನಮ್ಮ ಹಿಂದಿನ ಬಾಲ್ಕನಿಗೆ ದಯಮಾಡಿಸಿತು. ನೋಡದವರಿಗಾಗಿ ಹೇಳುತ್ತೇನೆ: ಅದು ಹೊಲಿಗೆ ಯಂತ್ರದ ದಾಯಾದಿ. ಸೂಜಿಯ ಜಾಗದಲ್ಲಿ ದಾರದಷ್ಟು ಸಪೂರ ಗರಗಸದ ಬ್ಲೇಡು ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ನಾವು ಹಲಗೆಯನ್ನು ತಿರುಗಿಸುತ್ತಾ ಹೋದರೆ ಚಿತ್ರದ ಆಕಾರಕ್ಕೆ ಮರ ಕತ್ತರಿಸಿ ಬರುತ್ತದೆ. ಜೊತೆಗೆ ಬಂದ ಪುಸ್ತಕದಲ್ಲಿ ಮೊದಲ ಪಾಠ ಚೌಕ, ಎರಡನೆಯದು ವೃತ್ತ. ಚೌಕ, ವೃತ್ತ ಕೊಯ್ಯಲು ನಾನೇನು ಶಾಲೆಯ ಮಗುವೇ? ನೇರವಾಗಿ ಕೊನೆಯ ಪುಟ ತೆರೆದೆ. ಅಲ್ಲಿ ಆನೆ ನಿಂತಿತ್ತು.

ಮೊದಲ ದಿನ ಯಂತ್ರ ಹಾಕಿದ್ದೇ ತಡ, ಅಭ್ಯಾಸಕ್ಕೆಂದು ಇಟ್ಟ ಮರದ ತುಂಡು ಕೊಯ್ಯಿಸಿಕೊಳ್ಳುವ ಬದಲು ಎಗರೆಗರಿ ಕುಣಿಯಿತು. ಅಂಗಡಿಯವನಿಗೆ ಫೋನು ಮಾಡಿ, ಎಂಥ ಡಬ್ಬಾ ಯಂತ್ರ ಕೊಟ್ಟಿದ್ದೀರಿ ಎಂದು ಹಾರಾಡಿದೆ. ಅವನು ತಣ್ಣಗೆ, "ಸಾರ್, ಬ್ಲೇಡಿನ ಹಲ್ಲು ಯಾವ ಕಡೆ ನೋಡ್ತಿದೆ?" ಎಂದ. ಬಗ್ಗಿ ನೋಡಿದೆ. ಆಕಾಶ ನೋಡುತ್ತಿತ್ತು. "ನೆಲ ನೋಡ್ಬೇಕು ಸಾರ್," ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಫೋನು ಇಟ್ಟೆ.

ಆಮೇಲೆ ಸುಖಾಸನದ ಸಮಸ್ಯೆ. ಸ್ಟೂಲಿನ ಮೇಲೆ ಕೂತರೆ ಗಲ್ಲ ಯಂತ್ರಕ್ಕೆ ತಾಗುತ್ತಿತ್ತು, ನಿಂತರೆ ಸೊಂಟ ಬಿಲ್ಲಾಗುತ್ತಿತ್ತು. ಸೋಫಾದ ಎರಡು ಕುಶನ್, ಅದರ ಮೇಲೆ ಹೆಂಡತಿಯ ದಿಂಬು ಇಟ್ಟ ಮೇಲೆ ಸಿಂಹಾಸನ ಸಿದ್ಧವಾಯಿತು. ಯಂತ್ರದ ನಡುಕಕ್ಕೆ ಕೈ ಜೋಮು ಹಿಡಿಯುತ್ತದೆಂದು ಅವಳು ವ್ಯಾಯಾಮ ಮಾಡುವ ಚಾಪೆಯನ್ನು ಅದರ ಕೆಳಗೆ ಹಾಸಿದೆ. ಧೂಳಿಗೆ ಮೂಗಿನ ಮೇಲೆ ಮಾಸ್ಕು, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ. ಮಾಸ್ಕಿನಿಂದ ಬಂದ ಉಸಿರು ಎರಡೂ ಕನ್ನಡಕಕ್ಕೆ ಮಂಜು ಕವಿಸುತ್ತಿತ್ತು. ಕಾಣಬೇಕೆಂದರೆ ಉಸಿರಾಡುವಂತಿಲ್ಲ, ಉಸಿರಾಡಬೇಕೆಂದರೆ ಕಾಣುವಂತಿಲ್ಲ! ಕಲೆಗೆ ತ್ಯಾಗ ಬೇಕಲ್ಲ, ಎರಡನ್ನೂ ಸರದಿಯ ಮೇಲೆ ಮಾಡಿದೆ.

ಧೂಳನ್ನು ಹುಟ್ಟಿದಲ್ಲೇ ಅಡಗಿಸಬೇಕೆಂದು ಮನೆಯ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಬ್ಲೇಡಿನ ಪಕ್ಕಕ್ಕೆ ಕಟ್ಟಿದೆ. ಆ ಯಂತ್ರಕ್ಕೆ ಎರಡು ಬಾಯಿ. ಒಂದು ಎಳೆಯುತ್ತದೆ, ಇನ್ನೊಂದು ಊದುತ್ತದೆ. ಕೊಳವೆಯನ್ನು ಯಾವುದಕ್ಕೆ ಸಿಕ್ಕಿಸಿದೆ ಎಂದು ತಿಳಿದದ್ದು ಹೆಂಡತಿ ಬಾಗಿಲಲ್ಲಿ ಬಂದು ನಿಂತಾಗ. ಅವಳ ಕೂದಲು, ಹುಬ್ಬು, ರೆಪ್ಪೆ ಎಲ್ಲ ಒಂದೇ ಬಣ್ಣವಾಗಿತ್ತು.

"ರೀ, ಇದು ಧೂಳು ಎಳೆಯೋ ಯಂತ್ರ ತಾನೇ?"

"ಹೌದು ಕಣೇ."

"ಮತ್ತೆ ಯಾಕೆ ಉಗುಳ್ತಿದೆ? ಅಡುಗೆಮನೆಗೆ ಬನ್ನಿ. ಹಿಟ್ಟು ಯಾವುದು, ಮರದ ಹೊಟ್ಟು ಯಾವುದು, ನೀವೇ ಬೇರೆ ಮಾಡಿಕೊಡಿ!"

ಅಂದಿನಿಂದ ಹೊಸ ಕಾನೂನು ಬಂತು. ನಾನು ಬಾಲ್ಕನಿಗೆ ಹೋದೊಡನೆ ಅವಳು ಒಳಗಿನಿಂದ ಬಾಗಿಲ ಸಂದಿಗೆಲ್ಲ ಟೇಪು ಅಂಟಿಸುವಳು. ನಾನು ಒಳಗೆ ಬರಬೇಕಾದರೆ ಗಾಜು ತಟ್ಟಿ, ಮೈ ಕೊಡವಿ ತೋರಿಸಿ, ಅಪ್ಪಣೆ ಸಿಕ್ಕ ಮೇಲೆ ಬರಬೇಕು. ತಿಂಗಳು ಮುಗಿಯುವಷ್ಟರಲ್ಲಿ ಮನೆಯಲ್ಲಿದ್ದ ಟೇಪೆಲ್ಲ ಖಾಲಿಯಾಗಿತ್ತು. ಈ ಟೇಪಿನ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇನ್ನು ಮರ. ಅಂಗಡಿಯ ಮರ ಯಾವುದೂ ನನ್ನ ಆನೆಯ ಘನತೆಗೆ ಸಾಲಲಿಲ್ಲ. ಹುಡುಕುತ್ತಿದ್ದವನಿಗೆ ಮಲಗುವ ಕೋಣೆಯ ಬೀರುವಿನ ಹಿಂದೆ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಟ್ಟ ಒಂದು ಹಲಗೆ ಸಿಕ್ಕಿತು. ಎಂಥ ಮರ! ಎಂಥ ನುಣುಪು! ಬಣ್ಣವೂ ನಮ್ಮ ಊಟದ ಮೇಜಿನದೇ. ಎಂಥ ಕಾಕತಾಳೀಯ ಎಂದು ಬೆರಗಾದೆ. ಒಂದು ಅಂಚಿನಲ್ಲಿ ಮಾತ್ರ ನಾಲ್ಕು ಸಣ್ಣ ಗೂಟಗಳು ಹೊರಗೆ ಚಾಚಿದ್ದವು. ಯಾವನೋ ಸೋಮಾರಿ ಬಡಗಿ ಅರ್ಧಕ್ಕೆ ಬಿಟ್ಟ ಕೆಲಸ ಇರಬೇಕು ಎಂದು ಮರುಗಿದೆ.

ಆನೆಯ ಚಿತ್ರವನ್ನು ಹಲಗೆಯ ನಟ್ಟನಡುವೆ ಅಂಟಿಸಿ, ತೂತು ಕೊರೆದು, ಬ್ಲೇಡು ಪೋಣಿಸಿ ಶುರುಮಾಡಿದೆ. ಎಂಟು ದಿನ, ಹದಿನಾಲ್ಕು ಬ್ಲೇಡು. ಎಷ್ಟೋ ಕಡೆ ಬ್ಲೇಡು ಗೆರೆ ಬಿಟ್ಟು ತನ್ನ ಪಾಡಿಗೆ ಹೋಯಿತು. ಆನೆ ನಡೆದದ್ದೇ ದಾರಿ ಎಂದು ಸಮಾಧಾನ ಮಾಡಿಕೊಂಡೆ. ಕೊನೆಗೊಂದು ದಿನ ಆನೆ ಹಲಗೆಯಿಂದ ಕಳಚಿ ನನ್ನ ತೊಡೆಯ ಮೇಲೆ ಬಿತ್ತು. ಮುಖ ಸ್ವಲ್ಪ ಹಂದಿಯ ಹಾಗಿದ್ದರೂ ಸೊಂಡಿಲು ಇತ್ತಲ್ಲ, ಸಂದೇಹಕ್ಕೆ ಆಸ್ಪದವಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಧೂಳೇ ಇರಬಹುದು. ಉಳಿದ ಹಲಗೆಯನ್ನು ಬಾಲ್ಕನಿಯ ಮೂಲೆಗೆ ಒರಗಿಸಿದೆ.

ಹುಟ್ಟುಹಬ್ಬದ ಭಾನುವಾರ ಮಾವ ಎಲ್ಲರಿಗಿಂತ ಮುಂಚೆ ಬಂದರು. ನಾನು ಆನೆಯನ್ನು ಅವರ ಕೈಗಿಟ್ಟೆ. ಅವರು ಬೆನ್ನು ಸವರಿದರು. ಮೂಸಿದರು. ಬೆರಳಿನಿಂದ ಕುಟ್ಟಿ ಸದ್ದು ಕೇಳಿದರು.

"ನೀವೇ ಮಾಡಿದ್ದಾ ಅಳಿಯಂದ್ರೇ?"

"ನಾನೇ ಮಾವ!"

"ಮರ ಎಲ್ಲಿಂದ ತಂದ್ರಿ?"

ಎದೆ ಉಬ್ಬಿದಾಗ ನನ್ನ ನಾಲಿಗೆಗೆ ಲಗಾಮು ಇರುವುದಿಲ್ಲ. "ತುಂಬಾ ದೂರದಿಂದ ತರಿಸಿದ್ದು ಮಾವ. ಇಲ್ಲೆಲ್ಲ ಸಿಗಲ್ಲ," ಎಂದುಬಿಟ್ಟೆ.

ಮಾವ ಆನೆಯನ್ನು ಮಗುಚಿದರು. ಹೊಟ್ಟೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ತ್ರಿಕೋನ, ಅದರೊಳಗೆ ಎರಡು ಎಂಬ ಅಂಕೆ. ಅದು ಅಂಗಡಿಯವರ ಗುರುತು ಎಂದುಕೊಂಡು ನಾನು ಉಜ್ಜಿರಲಿಲ್ಲ. ಮಾವ ನಮ್ಮ ಊಟದ ಮೇಜಿನ ಪಕ್ಕ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು, "ಸ್ವಲ್ಪ ಬಗ್ಗಿ ನೋಡಿ" ಎಂದರು. ಬಗ್ಗಿದೆ. ಮೇಜಿನ ಅಡಿಯಲ್ಲಿ, ಅದೇ ಪೆನ್ಸಿಲಿನ ತ್ರಿಕೋನಗಳು. ಒಂದು ಬದಿಯದರೊಳಗೆ ಒಂದು ಎಂಬ ಅಂಕೆ, ಇನ್ನೊಂದು ಬದಿಯದರೊಳಗೆ ಮೂರು.

"ಯಾವ ಹಲಗೆ ಎಲ್ಲಿ ಕೂರಬೇಕು ಅಂತ ನಾವು ಹೀಗೆ ಗುರುತು ಹಾಕ್ತೀವಿ," ಎಂದರು ಮಾವ. "ಒಂದು ಇಲ್ಲಿದೆ. ಮೂರು ಅಲ್ಲಿದೆ. ಎರಡು ನಿಮ್ಮ ಆನೆ ಹೊಟ್ಟೆಗೆ ಹೇಗೆ ಹೋಯ್ತು?"

ಸರಿಯಾಗಿ ಅದೇ ಗಳಿಗೆಗೆ ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ರೀ, ಹತ್ತು ಜನ ಆಗ್ತೀವಿ, ಮೇಜು ಸಾಲಲ್ಲ! ಎರಡು ಭಾಗ ಎಳೆದು, ನಡುವೆ ಹಾಕೋ ಹಲಗೆ ತನ್ನಿ. ಬೀರು ಹಿಂದೆ ಬೆಡ್‌ಶೀಟಲ್ಲಿ ಸುತ್ತಿಟ್ಟಿದೀನಿ!"

ನಾನು ಇಂಗು ತಿಂದ ಮಂಗನಂತೆ ನಿಂತೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು ಎಂಬುದು ಅವರ ಒಂದೇ ಆಸೆ. ಆ ಆಸೆಗೇ ನಾನು ಸೊಂಡಿಲು, ಕಾಲು ಬಿಡಿಸಿದ್ದೆ! ಹೆಂಡತಿ ಹೊರಗೆ ಬಂದು ಆನೆ ನೋಡಿದಳು, ನನ್ನ ಮುಖ ನೋಡಿದಳು. ಕೈಯಲ್ಲಿ ಸೌಟು ಇತ್ತು.

"ಅಪ್ಪ, ನೀವು ಆ ಕಡೆ ತಿರುಗಿ," ಎಂದಳು.

"ಬಿಡಮ್ಮಾ," ಎಂದರು ಮಾವ. "ಉಳಿದ ಹಲಗೆ ಇದೆಯಾ ಅಳಿಯಂದ್ರೇ? ಅದೇನಾಯ್ತು, ಜಿಂಕೆಯಾ?"

ಓಡಿಹೋಗಿ ತಂದೆ. ಮೇಜನ್ನು ಎಳೆದು ಹಲಗೆ ಕೂರಿಸಿದರು. ಆ ನಾಲ್ಕು ಗೂಟಗಳು ಮೇಜಿನ ತೂತುಗಳೊಳಗೆ ಹುಟ್ಟೂರಿಗೆ ಮರಳಿದಂತೆ ಹೋಗಿ ಕೂತವು. ಆನೆಯನ್ನು ಅದರ ಆಕಾರದ ತೂತಿಗೆ ಇಟ್ಟರು. ಧೊಪ್ಪನೆ ಕೆಳಗೆ ಬಿತ್ತು.

"ಯಂತ್ರದಲ್ಲಿ ಹಲಗೆ ಇಡೋ ತಟ್ಟೆಯನ್ನ ಒಂಚೂರು ಓರೆ ಮಾಡಿ ಕೊಯ್ದಿದ್ರೆ ಅಂಚು ಇಳಿಜಾರಾಗಿ ಆನೆ ಬೀಳ್ತಿರಲಿಲ್ಲ," ಎಂದರು.

"ಟೇಪು ಅಂಟಿಸೋಣ," ಎಂದೆ. ಹೆಂಡತಿ ಬಾಲ್ಕನಿಯ ಬಾಗಿಲ ಕಡೆ ಬೆರಳು ತೋರಿಸಿದಳು. "ಮೊಳೆ?" ಎಂದೆ. "ನನ್ನ ಮೇಜಿಗಾ?" ಎಂದರು ಮಾವ. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ನೆಂಟರು ಬಂದೇಬಿಟ್ಟರು.

ಹೀಗಾಗಿ ಆ ಮಧ್ಯಾಹ್ನ ನಾನು ಆನೆಯ ಮುಂದಿನ ಕುರ್ಚಿಯಲ್ಲಿ ಕೂತೆ. ಬಲಗೈ ಮೇಜಿನ ಮೇಲೆ ಊಟ ಮಾಡುತ್ತಿತ್ತು. ಎಡಗೈ ಮೇಜಿನ ಕೆಳಗೆ ಅಂಗೈ ಚಾಚಿ ಆನೆಯನ್ನು ಹೊತ್ತಿತ್ತು. ನೆಂಟರಲ್ಲಿ ಯಾರಿಗೂ ಗುಟ್ಟು ತಿಳಿಯಲಿಲ್ಲ. ಭಾವಮೈದನ ಹೆಂಡತಿಯಂತೂ, "ಅಯ್ಯೋ, ಮೇಜಿನೊಳಗೇ ಆನೆ ಕೂರಿಸಿದೀರಲ್ಲ! ಎಷ್ಟು ಚೆನ್ನಾಗಿದೆ ಅಣ್ಣಾ!" ಎಂದು ಅದರ ಮೇಲೆ ನೀರಿನ ಜಗ್ ಇಟ್ಟಳು. ನನ್ನ ಮೊಣಕೈ ನಡುಗಿತು, ಮುಖದಲ್ಲಿ ಮಾತ್ರ ನಗೆ. ಮೂಗು ತುರಿಸಿತು, ತಡೆದುಕೊಂಡೆ. ಫೋನು ಬಂತು, ಎತ್ತಲಿಲ್ಲ. ಹೆಂಡತಿ ಬಡಿಸುತ್ತಾ ಬಂದು, "ಎಡಗೈ ಹೇಗಿದೆ?" ಎಂದು ಕಿವಿಯಲ್ಲಿ ಕೇಳಿ ಹೋದಳು.

ಊಟದ ಕೊನೆಗೆ ಕೇಕು ಬಂತು. "ಆನೆ ಮೇಲೇ ಇಡೋಣ, ಚೆಂದ ಕಾಣುತ್ತೆ!" ಎಂದು ಭಾವಮೈದನ ಹೆಂಡತಿ ಅಲ್ಲೇ ಇಟ್ಟಳು. ಮಾವ ಎದ್ದು ನಿಂತರು. ಹತ್ತು ಜನರ ಮುಖವನ್ನೂ ಒಮ್ಮೆ ನೋಡಿದರು.

"ನನಗೆ ಇಷ್ಟೇ ಬೇಕಿತ್ತು. ಎಲ್ಲರೂ ಒಂದೇ ಮೇಜಿಗೆ ಕೂತ್ರಿ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಅಳಿಯಂದ್ರೇ, ನಿಮ್ಮ ಕೈ ಊಟಕ್ಕೆ ಮಾತ್ರ ಬರೋದು ಅಂತ ಒಂದಿನ ಅಂದಿದ್ದೆ. ತಪ್ಪು. ಆ ಮಾತು ಹಿಂದಕ್ಕೆ ತಗೊಂಡೆ. ಇವತ್ತು ನಿಮ್ಮ ಕೈ ಇಲ್ಲದಿದ್ರೆ ಈ ಊಟವೇ ನಿಲ್ತಿರಲಿಲ್ಲ!"

ಹನ್ನೊಂದು ವರ್ಷ ಕಾದ ಮಾತು! ಕಣ್ಣು ಮಂಜಾಯಿತು. ಈ ಸಲ ಧೂಳಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ, ಎರಡೂ ಕೈ ಎತ್ತಿ, ಚಪ್ಪಾಳೆ ತಟ್ಟಿದವನು ನಾನು.

ಕೇಕಿನ ಸಮೇತ ಆನೆ ಪಾತಾಳಕ್ಕೆ ಇಳಿಯಿತು.

ಮಾವ ನಿಧಾನವಾಗಿ ಬಗ್ಗಿ, ಆನೆಯಾಕಾರದ ತೂತಿನೊಳಗಿಂದ ನನ್ನ ತೊಡೆಯ ಮೇಲಿದ್ದ ಕೇಕನ್ನು ನೋಡಿದರು.

"ಅಳಿಯಂದ್ರೇ, ಈಗ ಹಿಂದಕ್ಕೆ ತಗೊಂಡಿದ್ನಲ್ಲ, ಆ ಮಾತು," ಎಂದರು, "ಮತ್ತೆ ಕೊಟ್ಟಿದೀನಿ. ಇಟ್ಕೊಳ್ಳಿ!"